116 ಗೆದ್ದ ಸಿಯಾಟಲ್ ಮ್ಯಾರಿನರ್ಸ್: 2001 ಗೆದ್ದ ಋತುವೇ, ಸೋತ ಋತುವೇ?

ಪರ: ಗೆದ್ದ ಋತುವೇ

2001ರ ಏಪ್ರಿಲ್ ಎರಡನೇ ವಾರ ಅಪ್ಪ ಶಿವಮೊಗ್ಗದಿಂದ ಸಿಯಾಟಲ್‌ಗೆ ಬಂದರು. ಅಮ್ಮ ತೀರಿಕೊಂಡು ವರ್ಷವೂ ಆಗಿರಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಅವರು ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರಬೇಕಿತ್ತು. ಒಂದು ರೇಡಿಯೊ ತಂದುಕೊಟ್ಟೆ. ಕ್ರಿಕೆಟ್ ವೀಕ್ಷಕ ವಿವರಣೆ ಕೇಳುತ್ತಲೇ ವಯಸ್ಸಾದ ಕಿವಿ ಅವರದು. ಊರಿನ ಬೇಸ್‌ಬಾಲ್ ತಂಡ ಮ್ಯಾರಿನರ್ಸ್ ಆಡುವ ಪಂದ್ಯಗಳನ್ನು ಬಣ್ಣಿಸುತ್ತಿದ್ದ ಡೇವ್ ನೀಹಾಸ್ ಅವರ ದನಿಗೆ ಒಂದೇ ವಾರದಲ್ಲಿ ಒಗ್ಗಿಕೊಂಡರು. ಒಂದು ನೋಟ್‌ಬುಕ್ ತೆರೆದು, ದಿನಕ್ಕೊಂದು ಸಾಲಿನಂತೆ ಫಲಿತಾಂಶವನ್ನೂ ತಂಡದ ಆಟಗಾರ ಇಚಿರೊ ಸುಜುಕಿಯ ಹಿಟ್‌ಗಳನ್ನೂ (ಚೆಂಡು ಹೊಡೆದು ಬೇಸ್ ತಲುಪಿದ ಸಲಗಳನ್ನೂ) ಬರೆಯತೊಡಗಿದರು.

ಅದೇ ವಾರ ಓಕ್‌ಲ್ಯಾಂಡಿನಲ್ಲಿ ಇಚಿರೊ ಬಲ ಅಂಗಳದಿಂದ ನೇರ ಮೂರನೇ ಬೇಸ್‌ಗೆ ಚೆಂಡು ಎಸೆದು ಓಟಗಾರನನ್ನು ಔಟ್ ಮಾಡಿದ್ದ. ಟಿವಿಯಲ್ಲಿ ಅದನ್ನು ತೋರಿಸಿದಾಗ ಅಪ್ಪ ಕುರ್ಚಿ ಬಿಟ್ಟು ಎದ್ದು ನಿಂತರು. ಅಮ್ಮ ಹೋದ ಮೇಲೆ ಅವರು ಹಾಗೆ ಎದ್ದದ್ದನ್ನು ನಾನು ಕಂಡಿರಲಿಲ್ಲ.

ಆ ತಂಡದಿಂದ ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ. ತಂಡದ ತಾರೆಗಳಲ್ಲಿ ರ್‍ಯಾಂಡಿ ಜಾನ್ಸನ್ 1998ರಲ್ಲೇ ಹೋಗಿದ್ದ, ಕೆನ್ ಗ್ರಿಫಿ ಜೂನಿಯರ್ 2000ದಲ್ಲಿ ಹೋದ. ಕೊನೆಗೆ ಅಲೆಕ್ಸ್ ರಾಡ್ರಿಗಸ್ ಹತ್ತು ವರ್ಷಕ್ಕೆ 25.2 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು ಟೆಕ್ಸಾಸ್ ಸೇರಿದ. ಉಳಿದವರನ್ನು ಇಟ್ಟುಕೊಂಡು ತರಬೇತುದಾರ ಲೂ ಪಿನೆಲಾ ಏಪ್ರಿಲ್ ಮುಗಿಯುವಷ್ಟರಲ್ಲಿ 25ರಲ್ಲಿ 20 ಪಂದ್ಯ ಗೆದ್ದುಕೊಟ್ಟರು. ಜಪಾನಿನಿಂದ ಬಂದ ಇಚಿರೊ ಮೊದಲ ವರ್ಷವೇ 242 ಹಿಟ್ ಹೊಡೆದ. ಬ್ರೆಟ್ ಬೂನ್ 141 ರನ್ ತಂದ. ಮೂವತ್ತೆಂಟು ವರ್ಷದ ಜೇಮಿ ಮೋಯರ್, ಯಾರನ್ನೂ ಹೆದರಿಸದ ವೇಗದಲ್ಲಿ ಚೆಂಡು ಎಸೆಯುತ್ತಲೇ 20 ಪಂದ್ಯ ಗೆದ್ದ. ರಾಡ್ರಿಗಸ್ ಹೋಗಿ ಸೇರಿದ ಟೆಕ್ಸಾಸ್ ವಿಭಾಗದಲ್ಲಿ ಕಟ್ಟಕಡೆಯ ಸ್ಥಾನ ಪಡೆಯಿತು.

ಬೇಸ್‌ಬಾಲ್ ಎಂದರೆ 162 ಪಂದ್ಯ. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಆರು ತಿಂಗಳು, ಹೆಚ್ಚುಕಡಿಮೆ ಪ್ರತಿದಿನ, ಮೈಕೈ ನೋವಿನಲ್ಲಿ, ಊರಿಂದೂರಿಗೆ ಹಾರುತ್ತಾ ಆಡಬೇಕು. ಅಷ್ಟು ದೀರ್ಘ ಕಾಲದಲ್ಲಿ ಅದೃಷ್ಟ ಎಲ್ಲರಿಗೂ ಅವರವರ ಪಾಲು ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಕೊನೆಗೆ ಉಳಿಯುವುದು ತಂಡದ ನಿಜವಾದ ತೂಕ. ಆಗಸ್ಟ್ 5ರಂದು ಕ್ಲೀವ್‌ಲ್ಯಾಂಡಿನಲ್ಲಿ 14-2ರಿಂದ ಮುಂದಿದ್ದವರು ಹನ್ನೊಂದನೇ ಇನಿಂಗ್ಸ್‌ನಲ್ಲಿ 15-14ರಿಂದ ಸೋತರು. ಬೇರೆ ತಂಡವಾಗಿದ್ದರೆ ಆ ಸೋಲಿನಲ್ಲಿ ಮುರಿದುಬೀಳುತ್ತಿತ್ತು. ಇವರು ಮುರಿಯಲಿಲ್ಲ.

ಸೆಪ್ಟೆಂಬರ್ 11 ಬಂತು. ಆರು ದಿನ ಬೇಸ್‌ಬಾಲ್ ನಿಂತಿತು. ಅಪ್ಪ ರೇಡಿಯೊ ಮುಂದೆ ಕೂತೇ ಇದ್ದರು, ನೋಟ್‌ಬುಕ್ಕಿನಲ್ಲಿ ತಾರೀಖು ಬರೆದು ಮುಂದೆ ಖಾಲಿ ಬಿಡುತ್ತಿದ್ದರು. 19ರಂದು ಅವರನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ಅಂದು ತಂಡ ವಿಭಾಗದ ಪಟ್ಟ ಗೆದ್ದಿತು. ಕುಣಿತವಿರಲಿಲ್ಲ. ಆಟಗಾರರೆಲ್ಲ ಮೈದಾನದ ನಡುವೆ ಮಂಡಿಯೂರಿದರು, ಆಮೇಲೆ ಬಾವುಟ ಹಿಡಿದು ನಿಧಾನವಾಗಿ ಸುತ್ತು ಬಂದರು. ನನ್ನ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ಅಪ್ಪನ ಕೈ ಹಿಡಿದುಕೊಂಡು ಅಳುತ್ತಿದ್ದಳು. ಅಪ್ಪ ಕೈ ಬಿಡಿಸಿಕೊಳ್ಳಲಿಲ್ಲ.

ಆಮೇಲಿನ ಪ್ಲೇಆಫ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಎದುರು ಸೋತರಲ್ಲ ಎನ್ನುವವರು ಕಪ್ ಒಂದನ್ನೇ ಎಣಿಸುತ್ತಾರೆ. ಅವರ ಲೆಕ್ಕ ಹಿಡಿದರೆ ಪ್ರತಿ ವರ್ಷ ಮೂವತ್ತರಲ್ಲಿ ಇಪ್ಪತ್ತೊಂಬತ್ತು ತಂಡಗಳು ವ್ಯರ್ಥವಾಗಿ ಆಡಿದಂತೆ.

116ನೆಯ ಗೆಲುವು ಅಕ್ಟೋಬರ್ 6ರಂದು ಬಂತು, 1906ರ ಷಿಕಾಗೊ ಕಬ್ಸ್ ದಾಖಲೆಗೆ ಸಮನಾಗಿ. ಎಂಟರಂದು ಅಪ್ಪ ಊರಿಗೆ ಹೊರಟರು. ನೋಟ್‌ಬುಕ್ ನನ್ನ ಬಳಿಯೇ ಇದೆ. ಕೊನೆಯ ಪುಟದಲ್ಲಿ 116 ಎಂದು ಬರೆದು, ಲೆಕ್ಕ ಮುಗಿದಾಗ ಮೇಷ್ಟರು ಹಾಕುವಂತೆ, ಅಡಿಯಲ್ಲಿ ಎರಡು ಗೆರೆ ಎಳೆದಿದ್ದಾರೆ.

ವಿರೋಧ: ಸೋತ ಋತುವೇ

ಈ ಬದಿಯನ್ನು ನಾನಾಗಿ ಆರಿಸಿಕೊಂಡದ್ದಲ್ಲ. ಯಾರಾದರೂ ಬರೆಯಬೇಕಿತ್ತು, ನನ್ನನ್ನು ಕೇಳಿದರು. 116 ಗೆಲುವಿನ ಬಗ್ಗೆ ನನಗೂ ಹೆಮ್ಮೆಯಿದೆ. ಆದರೂ ಹೇಳಬೇಕಾದ ಮಾತು ಇದೆ.

162 ಪಂದ್ಯಗಳು ಅಕ್ಟೋಬರಿಗೆ, ಅಂದರೆ ಕಪ್ ಯಾರದೆಂದು ತೀರ್ಮಾನಿಸುವ ಪ್ಲೇಆಫ್ ಸರಣಿಗಳಿಗೆ, ಹೋಗುವ ದಾರಿ. ಏಪ್ರಿಲ್‌ನಲ್ಲೇ ಇದು ಪ್ರತಿ ಆಟಗಾರನಿಗೂ ಗೊತ್ತಿರುತ್ತದೆ. ಆ ವರ್ಷ ಯಾಂಕೀಸ್ ಗೆದ್ದದ್ದು 95, ಅಂದರೆ ಮ್ಯಾರಿನರ್ಸ್‌ಗಿಂತ 21 ಕಡಿಮೆ. ಹಾಗಿದ್ದೂ ಅಮೆರಿಕನ್ ಲೀಗ್ ಫೈನಲ್ ಸರಣಿಯಲ್ಲಿ 4-1ರಿಂದ ಗೆದ್ದರು. ಒಂದು ಪಂದ್ಯ ಸೋತರೆ ಅದೃಷ್ಟ ಎನ್ನಬಹುದು, ಐದರಲ್ಲಿ ನಾಲ್ಕು ಸೋತರೆ ಎನ್ನಲಾಗದು. ಮೊದಲೆರಡು ಸೋಲು ಸ್ವಂತ ಮೈದಾನದಲ್ಲೇ ಆದವು, 4-2 ಮತ್ತು 3-2. ಆರನೇ ಪಂದ್ಯಕ್ಕೆ ಸಿಯಾಟಲ್‌ಗೆ ಮರಳಿಯೇ ಮರಳುತ್ತೇವೆ ಎಂದು ಪಿನೆಲಾ ಮಾತು ಕೊಟ್ಟರು, ಮರಳಲಾಗಲಿಲ್ಲ. ನಾಲ್ಕನೆಯದರಲ್ಲಿ, ಋತುವಿಡೀ 45 ಪಂದ್ಯಗಳನ್ನು ಕಾಯ್ದು ಮುಗಿಸಿಕೊಟ್ಟಿದ್ದ ಕಜುಹಿರೊ ಸಸಾಕಿಯ ಚೆಂಡನ್ನೇ ಯಾಂಕೀಸ್‌ನ ಅಲ್ಫೊನ್ಸೊ ಸೊರಿಯಾನೊ ಒಂಬತ್ತನೇ ಇನಿಂಗ್ಸ್‌ನಲ್ಲಿ ಹೋಮ್ ರನ್‌ಗೆ ಅಟ್ಟಿದ. ಐದನೆಯದು 12-3. ಅದಕ್ಕೂ ಮುಂಚೆ ಕ್ಲೀವ್‌ಲ್ಯಾಂಡ್ ಇವರನ್ನು ಒಂದು ಪಂದ್ಯದಲ್ಲಿ 17-2ರಿಂದ ಬಡಿದಿತ್ತು.

ಇಪ್ಪತ್ತೊಂಬತ್ತು ತಂಡಗಳು ವ್ಯರ್ಥ ಎಂದು ಯಾರೂ ಹೇಳುತ್ತಿಲ್ಲ. 73 ಗೆದ್ದ ತಂಡಕ್ಕೆ ಕೇಳುವ ಪ್ರಶ್ನೆಯನ್ನು 116 ಗೆದ್ದ ತಂಡಕ್ಕೆ ಕೇಳಲಾಗದು, ಅಷ್ಟೇ. 1906ರ ಕಬ್ಸ್ ಕೂಡ ಕೊನೆಗೆ ಸೋತರು, ಆದರೆ ಸೋತದ್ದು ಎರಡು ಲೀಗ್‌ಗಳ ವಿಜೇತರು ಆಡುವ ಕಟ್ಟಕಡೆಯ ಸರಣಿ ವರ್ಲ್ಡ್ ಸೀರೀಸ್‌ನಲ್ಲಿ. ಮ್ಯಾರಿನರ್ಸ್ ಅಲ್ಲಿಗೆ ಇಂದಿಗೂ ಕಾಲಿಟ್ಟಿಲ್ಲ. ಮೂವತ್ತು ತಂಡಗಳಲ್ಲಿ ಹಾಗೆ ಉಳಿದಿರುವುದು ಇದೊಂದೇ. 2001ರ ನಂತರ ಪ್ಲೇಆಫ್‌ಗೆ ಮರಳಲು 2022ರವರೆಗೆ ಕಾಯಬೇಕಾಯಿತು.

2025ರ ಅಕ್ಟೋಬರ್‌ನಲ್ಲಿ ಅದೇ ಅಮೆರಿಕನ್ ಲೀಗ್ ಫೈನಲ್ ಸರಣಿಯಲ್ಲಿ ಟೊರಾಂಟೊ ವಿರುದ್ಧದ ಏಳನೇ, ಕೊನೆಯ ಪಂದ್ಯವನ್ನು ನಾನು ಮಗಳ ಜೊತೆ ನೋಡಿದೆ. ನಮ್ಮ ಕ್ಯಾಲ್ ರಾಲಿ ಆ ಋತುವಿನಲ್ಲಿ 60 ಹೋಮ್ ರನ್ ಹೊಡೆದಿದ್ದ. ಏಳನೇ ಇನಿಂಗ್ಸ್‌ವರೆಗೂ 3-1ರಿಂದ ಮುಂದಿದ್ದೆವು. ಇನ್ನು ಎಂಟೇ ಔಟ್ ಬೇಕಿತ್ತು. ಟೊರಾಂಟೊದ ಜಾರ್ಜ್ ಸ್ಪ್ರಿಂಗರ್ ಮೂರು ರನ್‌ಗಳ ಹೋಮ್ ರನ್ ಹೊಡೆದ. 4-3. ಮಗಳು ಏನೂ ಮಾತಾಡದೆ ಟೋಪಿ ತೆಗೆದು ಮೇಜಿನ ಮೇಲಿಟ್ಟು ಮಲಗಲು ಹೋದಳು. 116 ಗೆದ್ದ ತಂಡವೊಂದಿತ್ತು ಎಂದು ಅವಳನ್ನು ಸಮಾಧಾನ ಮಾಡಲು ನನಗೆ ಬಾಯಿ ಬರಲಿಲ್ಲ.