ಹೊಗೆ ಕುಡಿದಿದ್ದಕ್ಕೆ ರಸೀದಿ ಎಲ್ಲಿಂದ ತರೋದು?

ಇರಾಕಿನ ಬಲದ್ ವಾಯುನೆಲೆಯಲ್ಲಿ ಅಮೆರಿಕದ ಸೈನ್ಯ ಕಸ ಸುಡುತ್ತಿದ್ದ ಗುಂಡಿ ಸುಮಾರು 10 ಎಕರೆ ಇತ್ತು. ಅದಕ್ಕೆ ಬೀಳುತ್ತಿದ್ದುದು ನಮ್ಮ ಹಿತ್ತಲ ತಿಪ್ಪೆಯ ಕಸವಲ್ಲ. ಪ್ಲಾಸ್ಟಿಕ್ ಬಾಟಲಿ, ಟೈರು, ಬ್ಯಾಟರಿ, ಪೇಂಟ್ ಡಬ್ಬ, ಆಸ್ಪತ್ರೆಯ ತ್ಯಾಜ್ಯ ಎಲ್ಲ ಒಟ್ಟಿಗೇ. ಮೇಲೆ ಜೆಪಿ-8 ಅನ್ನೋ ವಿಮಾನದ ಇಂಧನ ಸುರಿದು ಬೆಂಕಿ ಹಚ್ಚುತ್ತಿದ್ದರು. ಆ ಹೊಗೆ ಸೈನಿಕರು ಮಲಗುವ ಕಡೆಗೇ ಬರುತ್ತಿತ್ತು.

ಊರಿಗೆ ಮರಳಿ ಕೆಲವು ವರ್ಷದ ಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು ಬರುವವನು ಮಾಜಿ ಸೈನಿಕರ ಇಲಾಖೆಗೆ, ಅಂದರೆ ವಿಎಗೆ ಹೋದರೆ ಮೂರು ಪುರಾವೆ ಕೇಳುತ್ತಿದ್ದರು. ರೋಗ ಇದೆ ಅನ್ನೋದಕ್ಕೆ ವೈದ್ಯರ ದಾಖಲೆ. ಸೇವೆಯಲ್ಲಿದ್ದಾಗ ಏನೋ ನಡೆಯಿತು ಅನ್ನೋದಕ್ಕೆ ದಾಖಲೆ. ಇವೆರಡಕ್ಕೂ ಸಂಬಂಧ ಇದೆ ಅನ್ನುವ ವೈದ್ಯಕೀಯ ಅಭಿಪ್ರಾಯ. ಮೊದಲನೆಯದು ಸಿಗುತ್ತದೆ. ಉಳಿದೆರಡು? ಯಾವ ದಿನ ಎಷ್ಟು ಹೊಗೆ ಒಳಗೆ ಹೋಯಿತು ಅಂತ ಯಾರೂ ರಸೀದಿ ಕೊಡೋದಿಲ್ಲ.

2022ರ ಆಗಸ್ಟ್ 10ರಂದು ಸಹಿಯಾದ ಪ್ಯಾಕ್ಟ್ ಆ್ಯಕ್ಟ್ ಅನ್ನೋ ಅಮೆರಿಕದ ಕಾಯ್ದೆ ಈ ಗಂಟನ್ನು ಬಿಚ್ಚಿತು. ಕೊಸೊವೊ, ಇರಾಕ್‌ಗಳಲ್ಲಿ ಸೇವೆ ಮಾಡಿ 2020ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ ಹೀತ್ ರಾಬಿನ್ಸನ್ ಹೆಸರು ಆ ಕಾಯ್ದೆಗಿದೆ. ಪಟ್ಟಿಯಲ್ಲಿರುವ ರೋಗ ಇದ್ದು, ಪಟ್ಟಿಯಲ್ಲಿರುವ ಜಾಗದಲ್ಲಿ ಆ ಅವಧಿಯಲ್ಲಿ ಇದ್ದದ್ದು ನಿಜವಾದರೆ ಸಾಕು, ನಡುವಿನ ಸಂಬಂಧವನ್ನು ಕಾನೂನೇ ಒಪ್ಪಿಕೊಳ್ಳುತ್ತದೆ. ನನ್ನ ಪ್ರಕಾರ ಇಡೀ ಕಾಯ್ದೆಯ ಜೀವ ಇರೋದು ಇಲ್ಲೇ.

ತಡವಾದ ಲೆಕ್ಕ ನೋಡಿ. ವಿಯೆಟ್ನಾಮಿನಲ್ಲಿ ಕಾಡಿನ ಎಲೆ ಉದುರಿಸಲು ಅಮೆರಿಕ ಬಳಸಿದ ಏಜೆಂಟ್ ಆರೆಂಜ್ ಅನ್ನೋ ವಿಷದ ಸಿಂಪಡಣೆ ನಿಂತದ್ದು 1971ರಲ್ಲಿ, ಅದಕ್ಕೆ ಇಂಥದ್ದೇ ಕಾಯ್ದೆ ಬಂದದ್ದು 1991ರಲ್ಲಿ. ಅಫ್ಘಾನಿಸ್ತಾನಕ್ಕೆ ಸೈನ್ಯ ಹೋದದ್ದು 2001ರಲ್ಲಿ, ಪ್ಯಾಕ್ಟ್ ಆ್ಯಕ್ಟ್ ಬಂದದ್ದು 2022ರಲ್ಲಿ. ಪುರಾವೆ ತನ್ನಿ, ಪುರಾವೆ ತನ್ನಿ ಅನ್ನುತ್ತ ಎರಡು ಸಲವೂ ಇಪ್ಪತ್ತು ವರ್ಷ ನೂಕಿದರು.

ನಮ್ಮ ದೇಶದಲ್ಲೂ ಇದೇ ಜಗಳ ಇದೆ, ಕೊಡಗು, ಬೆಳಗಾವಿ ಕಡೆಯ ಮಾಜಿ ಸೈನಿಕರ ಮನೆಗಳಲ್ಲಿ ಕೇಳಿನೋಡಿ. ಸೈನ್ಯಕ್ಕೆ ಸೇರುವಾಗ ರೋಗ ದಾಖಲಾಗಿರದಿದ್ದರೆ, ಆಮೇಲೆ ಬಂದದ್ದು ಸೇವೆಯಿಂದಲೇ ಅಂತ ಭಾವಿಸಬೇಕು, ಅಲ್ಲ ಅನ್ನುವ ಹೊರೆ ಸರ್ಕಾರದ ಮೇಲೆ ಅಂತ ನಮ್ಮ ಸುಪ್ರೀಂ ಕೋರ್ಟ್ 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿತು. ತತ್ವ ಒಂದೇ. ಆದರೆ ಅಮೆರಿಕದಲ್ಲಿ ರೋಗ, ಜಾಗ, ತಾರೀಖು ಮೂರನ್ನೂ ಪಟ್ಟಿ ಮಾಡಿಟ್ಟಿದ್ದಾರೆ.

ಅಮೆರಿಕದ ಸೈನ್ಯದಲ್ಲಿ ದುಡಿದ ಮಗ, ಮಗಳು, ಅಳಿಯ ಇರುವ ಕನ್ನಡದ ಮನೆಗಳವರು ಇನ್ನು ಮುಂದಿನದನ್ನು ನಿಧಾನವಾಗಿ ಓದಿ. ಇರಾಕ್, ಕುವೈತ್, ಸೌದಿ, ಕತಾರ್, ಒಮಾನ್, ಯುಎಇ, ಬಹ್ರೇನ್, ಸೊಮಾಲಿಯಾಗಳಲ್ಲಿ ಮಾಡಿದ ಸೇವೆಗೆ 1990ರ ಆಗಸ್ಟ್ 2ರಿಂದ ಲೆಕ್ಕ. ಅಫ್ಘಾನಿಸ್ತಾನ, ಸಿರಿಯಾ, ಜೋರ್ಡಾನ್, ಈಜಿಪ್ಟ್, ಜಿಬೂಟಿ, ಉಜ್ಬೇಕಿಸ್ತಾನ್, ಯೆಮೆನ್, ಲೆಬನಾನ್‌ಗಳಿಗೆ 2001ರ ಸೆಪ್ಟೆಂಬರ್ 11ರಿಂದ. ಆಕಾಶದಲ್ಲಿ ಹಾರಿದ್ದೂ ಸೇರುತ್ತದೆ. ಸೇವೆಯ ನಂತರ ಪತ್ತೆಯಾದ ಆಸ್ತಮಾ, ದೀರ್ಘಕಾಲದ ಸೈನುಸೈಟಿಸ್, ಸಿಒಪಿಡಿ (ಶ್ವಾಸನಾಳ ಕಟ್ಟುವ ದೀರ್ಘಕಾಲದ ರೋಗ), ಹಲವು ಬಗೆಯ ಕ್ಯಾನ್ಸರ್ ಪಟ್ಟಿಯಲ್ಲಿವೆ. 2025ರ ಜನವರಿಯಲ್ಲಿ ಲ್ಯುಕೇಮಿಯಾ, ಮಲ್ಟಿಪಲ್ ಮೈಲೋಮಾ ಅನ್ನೋ ರಕ್ತದ ಕ್ಯಾನ್ಸರ್‌ಗಳನ್ನೂ ಮೂತ್ರಕೋಶದ ಕ್ಯಾನ್ಸರನ್ನೂ ಸೇರಿಸಿದರು. ಹಿಂದೊಮ್ಮೆ ತಿರಸ್ಕಾರವಾಗಿದ್ದರೆ 20-0995 ಫಾರಂನಲ್ಲಿ ಮತ್ತೆ ಕೇಳಬಹುದು.

ಮೊದಲು ಮಾಡಬೇಕಾದ್ದು ಕ್ಲೇಮ್ ಅಲ್ಲ, ‘ಇಂಟೆಂಟ್ ಟು ಫೈಲ್’, ಅಂದರೆ ಕ್ಲೇಮ್ ಹಾಕಲಿದ್ದೇನೆ ಅಂತ ವಿಎಗೆ ಮೊದಲೇ ತಿಳಿಸೋದು. ಫಾರಂ 21-0966, ಫೋನಿನಲ್ಲೂ ಆಗುತ್ತದೆ. ಅದು ದಾಖಲಾದ ದಿನಕ್ಕೆ ನಿಮ್ಮ ತಾರೀಖು ಕಟ್ಟಿಕೊಳ್ಳುತ್ತದೆ, ಒಂದು ವರ್ಷದೊಳಗೆ 21-526ಇಝೀ ಕ್ಲೇಮ್ ಹಾಕಿದರೆ ಸಾಮಾನ್ಯವಾಗಿ ಹಣ ಆ ತಾರೀಖಿನಿಂದ ಲೆಕ್ಕ. ಬಯಾಪ್ಸಿ ವರದಿ ಬರಲಿ, ಸ್ಕ್ಯಾನ್ ಆಗಲಿ ಅಂತ ಕಾಯುವವರು ಕಾದಷ್ಟು ತಿಂಗಳ ಹಣ ಬಿಟ್ಟುಕೊಟ್ಟಂತೆಯೇ. ವರ್ಷ ದಾಟಿದರೆ ಆ ತಾರೀಖೂ ಹೋಯಿತು.

ಇನ್ನೊಂದು ಗೊಂದಲ. ಬರ್ನ್ ಪಿಟ್ ರಿಜಿಸ್ಟ್ರಿಯಲ್ಲಿ, ಅಂದರೆ ಕಸ ಸುಡುವ ಗುಂಡಿಗಳ ಹೊಗೆಗೆ ಒಡ್ಡಿಕೊಂಡವರ ಪಟ್ಟಿಯಲ್ಲಿ ಹೆಸರಿದೆ, ಆಸ್ಪತ್ರೆಯಲ್ಲಿ ವಿಷಕ್ಕೆ ಒಡ್ಡಿಕೊಂಡಿದ್ದೀರಾ ಅಂತ ಕೇಳುವ ಟಾಕ್ಸಿಕ್ ಸ್ಕ್ರೀನಿಂಗ್ ಆಯಿತು, ಇನ್ನೇನು ಬೇಕು ಅನ್ನುತ್ತಾರೆ. ಅವೆರಡೂ ಕ್ಲೇಮ್ ಅಲ್ಲ. ಸ್ಕ್ರೀನಿಂಗ್ ಐದು-ಹತ್ತು ನಿಮಿಷದ ಪ್ರಶ್ನೋತ್ತರ ಅಷ್ಟೆ. ಚಿಕಿತ್ಸೆಗೆ ಹೆಸರು ಬರೆಸೋದೂ ಬೇರೆ ಬಾಗಿಲು, ಅದಕ್ಕೆ 10-10ಇಝೀ. 2024ರ ಮಾರ್ಚ್ 5ರಿಂದ ವಿಷಕ್ಕೆ ಒಡ್ಡಿಕೊಂಡವರು ಮೊದಲು ಪರಿಹಾರ ಮಂಜೂರು ಮಾಡಿಸಿಕೊಳ್ಳದೆಯೇ ಆ ಬಾಗಿಲಿನಿಂದ ಹೋಗಬಹುದು.

ಸಂಬಂಧ ಒಪ್ಪಿದ ಮೇಲೂ, ರೋಗ ಎಷ್ಟು ತೀವ್ರ ಅಂತ ವಿಎ ಹಾಕುವ ಶೇಕಡಾವಾರು ಎಷ್ಟು ಅನ್ನೋ ಪ್ರಶ್ನೆ ಉಳಿಯುತ್ತದೆ. ಬಹಳ ಜನ ಎಡವೋದು ಅಲ್ಲಿ. ಬಿ.ಪಿ.ಯನ್ನೇ ನೋಡಿ. ಏಜೆಂಟ್ ಆರೆಂಜ್‌ಗೆ ಒಡ್ಡಿಕೊಂಡ ವಿಯೆಟ್ನಾಂ ಕಾಲದವರಿಗೆ ಪ್ಯಾಕ್ಟ್ ಆ್ಯಕ್ಟ್ ಅದನ್ನು ಪಟ್ಟಿಗೆ ಸೇರಿಸಿತು. ಆದರೆ ಶೇ 10 ಸಿಗಬೇಕಾದರೆ ಮೇಲಿನ ಅಂಕಿ ಹೆಚ್ಚಿನ ಸಲ 160ಕ್ಕೆ, ಅಥವಾ ಕೆಳಗಿನದು 100ಕ್ಕೆ ಮುಟ್ಟಿರಬೇಕು. ಇಲ್ಲವೇ ಹಿಂದೆ ಕೆಳಗಿನದು ಹೆಚ್ಚಿನ ಸಲ 100 ಅಥವಾ ಅದಕ್ಕಿಂತ ಮೇಲಿದ್ದು ಈಗ ನಿತ್ಯ ಮಾತ್ರೆ ಬೇಕಾಗಿರಬೇಕು. ಮಾತ್ರೆ ತಪ್ಪಿಸದೆ ನುಂಗಿ 130/80ಕ್ಕೆ ಇಳಿಸಿಕೊಂಡವನ ಹತ್ತಿರ ಆ ಹಿಂದಿನ ಅಂಕಿಯ ದಾಖಲೆ ಇಲ್ಲದಿದ್ದರೆ ಸಿಗೋದು ಸೊನ್ನೆ. ಶಿಸ್ತಿಗೆ ದಂಡ ಹಾಕಿದಂತೆ! ಹಾಗಾಗಿ ಮಾತ್ರೆ ಶುರುವಾಗುವ ಮೊದಲಿನ ಬಿ.ಪಿ. ಚೀಟಿಗಳನ್ನು ಹಳೆಯ ಡಾಕ್ಟರ ಹತ್ತಿರದಿಂದಲಾದರೂ ತರಿಸಿಕೊಳ್ಳಿ. ಸೊನ್ನೆಯೇ ಬಂದರೂ ಬಿಸಾಡಬೇಡಿ. ಸಂಬಂಧ ಒಪ್ಪಿಕೊಂಡಾಗಿದೆ, ನಾಳೆ ಅದರಿಂದಲೇ ಹೃದಯವೋ ಕಿಡ್ನಿಯೋ ಕೆಟ್ಟರೆ ಅದನ್ನು ಇದರ ಬೆನ್ನಿಗೆ ಕಟ್ಟಿ ಕೇಳಬಹುದು.

ಆಸ್ತಮಾಕ್ಕೆ ಆಗೀಗ ಇನ್‌ಹೇಲರ್ ಬಳಸಿದರೆ 10, ದಿನಾ ಬೇಕಾದರೆ 30. ದಿನಾ ಎಳೆಯುವವರ ಚೀಟಿಯಲ್ಲಿ ‘ಬೇಕಾದಾಗ’ ಅಂತ ಬರೆದಿದ್ದರೆ ಡಾಕ್ಟರ ಹತ್ತಿರ ಮಾತಾಡಿ ಸರಿಪಡಿಸಿಕೊಳ್ಳಿ. ಕನ್‌ಸ್ಟ್ರಿಕ್ಟಿವ್ ಬ್ರಾಂಕಿಯೊಲೈಟಿಸ್ ಇನ್ನೂ ಕಷ್ಟದ್ದು. ಅತಿ ಸಣ್ಣ ಶ್ವಾಸನಾಳಗಳು ಕಲೆಗಟ್ಟಿ ಕಿರಿದಾಗುವ ರೋಗ ಅದು, ಊದುವ ಪರೀಕ್ಷೆ, ಸ್ಕ್ಯಾನ್ ಎರಡೂ ಸರಿಯಾಗಿಯೇ ಬರಬಹುದು. ಖಚಿತವಾಗಬೇಕಾದರೆ ಹಲವು ಸಲ ಶಸ್ತ್ರಚಿಕಿತ್ಸೆಯಿಂದ ಶ್ವಾಸಕೋಶದ ತುಣುಕು ತೆಗೆಯಬೇಕಾಗುತ್ತದೆ. ಕಾಗದಕ್ಕಾಗಿ ಎದೆ ಕೊಯ್ಯಿಸಿಕೊಳ್ಳಬೇಕೇ ಅನ್ನೋದನ್ನು ಶ್ವಾಸಕೋಶದ ತಜ್ಞರ ಹತ್ತಿರ ಕೂತು ನಿರ್ಧರಿಸಿ, ಅವಸರ ಬೇಡ.

ಶೇಕಡಾಗಳನ್ನು ಕೂಡುವ ಲೆಕ್ಕ ಬೇರೆಯೇ. 50 ಮತ್ತು 30 ಸೇರಿದರೆ 80 ಅಲ್ಲ. ಉಳಿದ 50ರಲ್ಲಿ ಶೇ 30, ಅಂದರೆ 15. ಒಟ್ಟು 65, ಹತ್ತಿರದ ಹತ್ತಕ್ಕೆ ಏರಿಸಿ 70.

ವಿಎ ಕರೆದ ವೈದ್ಯಕೀಯ ತಪಾಸಣೆ ತಪ್ಪಿಸಬೇಡಿ, ಹೋಗದೆ ಇದ್ದದ್ದಕ್ಕೇ ಕ್ಲೇಮ್ ಬಿದ್ದುಹೋಗಬಹುದು. ಅಲ್ಲಿ ‘ಹೇಗಿದ್ದೀರಿ’ ಅಂದರೆ ನಮ್ಮವರ ಬಾಯಿಗೆ ‘ಪರವಾಗಿಲ್ಲ’ ಬಂದುಬಿಡುತ್ತದೆ. ಅದೇ ವರದಿಗೆ ಹೋಗುತ್ತದೆ. ತೀರಾ ಕೆಟ್ಟ ದಿನ ಹೇಗಿರುತ್ತದೆ, ವರ್ಷಕ್ಕೆ ಎಷ್ಟು ಸಲ ಸ್ಟಿರಾಯ್ಡ್ ಬೇಕಾಯಿತು ಅಂತ ಅಂಕಿ ಹೇಳಿ.

ಪರಿಹಾರ ಕೊಡಿಸುತ್ತೇವೆ, ಬಂದದ್ದರಲ್ಲಿ ಪಾಲು ಕೊಡಿ ಅನ್ನುವ ಕಂಪನಿಗಳ ಜಾಹೀರಾತು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಹತ್ತಿರ ಸೇರಿಸಬೇಡಿ. ಮಾನ್ಯತೆ ಪಡೆದ ಮಾಜಿ ಸೈನಿಕ ಸಂಘಟನೆಗಳ ಪ್ರತಿನಿಧಿಗಳು ಇದನ್ನೇ ಪುಕ್ಕಟೆ ಮಾಡುತ್ತಾರೆ. ಮಾನ್ಯತೆ ಇರುವ ವಕೀಲರೂ ಮೊದಲ ತೀರ್ಪು ಬರುವವರೆಗೆ ಫೀಸು ಕೇಳುವಂತಿಲ್ಲ.

ಕೊನೆಗೆ ಮನೆಯವರಿಗೆ. ಸೈನಿಕ ತೀರಿಕೊಂಡಿದ್ದರೆ ಸಂಗಾತಿಗೆ ತಿಂಗಳ ಪರಿಹಾರ ಕೇಳುವ ಫಾರಂ 21ಪಿ-534ಇಝೀ. ಕ್ಲೇಮ್ ಬಾಕಿ ಇರುವಾಗಲೇ ಹೋಗಿದ್ದರೆ ಅದೇ ಕ್ಲೇಮನ್ನು ಮುಂದುವರಿಸಲು ಒಂದು ವರ್ಷ ಸಮಯ. ಮರಣ ಪ್ರಮಾಣಪತ್ರದಲ್ಲಿ ಬರೀ ‘ಹೃದಯ ಸ್ತಂಭನ’ ಅಂತ ಬರೆದಿದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಮೂಲ ರೋಗ ಶ್ವಾಸಕೋಶದ್ದಾಗಿದ್ದರೆ ಅದನ್ನೂ ಕಾರಣದ ಸಾಲಿನಲ್ಲಿ ಬರೆಯಲು ಚಿಕಿತ್ಸೆ ಕೊಟ್ಟ ಡಾಕ್ಟರನ್ನು ಕೇಳಿ. ಈಗಾಗಲೇ ಬರೆದಾಗಿದ್ದರೆ ತಿದ್ದುಪಡಿಗೆ ಅರ್ಜಿ ಹಾಕಿ.