ಓದಿನ ಋಣ

ಮುಂಬೈಯಲ್ಲಿ ಎಲ್ಲಾ ಸಿಗುತ್ತದೆ, ಒಬ್ಬರೇ ಕೂರೋದಕ್ಕೆ ಜಾಗ ಒಂದನ್ನು ಬಿಟ್ಟು. ಮನೆ ಅಂದರೆ ಒಂದು ರೂಮು, ಒಂದು ಹಾಲ್. ಅದರಲ್ಲೇ ನಾವು ನಾಲ್ಕು ಜನ, ಟಿವಿ, ಇಸ್ತ್ರಿ ಮಾಡೋ ಟೇಬಲ್ಲು, ಮಳೆಗಾಲ ಬಂತೆಂದರೆ ಹಗ್ಗದ ಮೇಲೆ ಒಣಗದ ಬಟ್ಟೆ. ಹಾಗಾಗಿ ಓದು ಅಂದ್ರೆ ನನಗೆ ಮೊದಲು ಜ್ಞಾನ ಗೀನ ಅಲ್ಲ. ಯಾರೂ ಮಾತಾಡಿಸದ ಒಂದಿಷ್ಟು ಹೊತ್ತು, ಅಷ್ಟೇ. ಪುಸ್ತಕ ಬಿಡಿಸಿ ಕೂತವಳನ್ನು ಜನ ಅವಳ ಪಾಡಿಗೆ ಬಿಡುತ್ತಾರೆ. ಸುಮ್ನೆ ಗೋಡೆ ನೋಡ್ತಾ ಕೂತರೆ ಮಾತ್ರ "ಏನಾಯ್ತು, ಹುಷಾರಿಲ್ವಾ?" ಅಂತ ಶುರು ಮಾಡುತ್ತಾರೆ.

ಆ ಹೊತ್ತನ್ನು ಧಾರಾಳವಾಗಿ ಕೊಟ್ಟಿದ್ದು ಲೋಕಲ್ ರೈಲಿನ ಸೆಂಟ್ರಲ್ ಲೈನು. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ (ಹಳೇ ವಿಟಿ ಸ್ಟೇಷನ್ನು) ಫಾಸ್ಟ್ ಲೋಕಲ್ಲಿನಲ್ಲೂ ಗಂಟೆಗೂ ಮೇಲೆ ಬೇಕು. ಈ ಪ್ರಯಾಣವನ್ನು ಬೈಯದ ದಿನ ಇಲ್ಲ, ಆದರೆ ಆಫೀಸು ಮನೆ ಪಕ್ಕದಲ್ಲೇ ಇದ್ದಿದ್ದರೆ ನಾನು ಇದರ ಕಾಲು ಭಾಗವೂ ಓದುತ್ತಿರಲಿಲ್ಲ. ಮೂರು ಜನರ ಸೀಟಿನ ತುದಿಯಲ್ಲಿ ನಾಲ್ಕನೆಯವಳಾಗಿ ಅರ್ಧಂಬರ್ಧ ಕೂತರೂ ಪುಟ ತಿರುಗಿಸೋಕೆ ಎರಡು ಬೆರಳು ಸಾಕು. ಲೇಡೀಸ್ ಡಬ್ಬಿಯಲ್ಲಿ ಸಂಜೆ ಹೊತ್ತು ಪಕ್ಕದವಳು ಮೆಂತ್ಯ ಸೊಪ್ಪು ಬಿಡಿಸುತ್ತಿರುತ್ತಾಳೆ. ಒಂದು ಎಲೆ ಹಾರಿ ನನ್ನ ಪುಟದ ಮೇಲೆ ಬೀಳುತ್ತದೆ. ಅವಳೇ ಬಗ್ಗಿ ಎತ್ತಿಕೊಳ್ಳುತ್ತಾಳೆ, ಎತ್ತಿಕೊಳ್ಳುವಾಗ ಅಕ್ಷರ ಕಣ್ಣಿಗೆ ಬೀಳುತ್ತದೆ, "ತೆಲುಗು ಕಾ?" ಅಂತ ಕೇಳುತ್ತಾಳೆ. ಕನ್ನಡ ಅಂದರೆ ಹತ್ತಿರ ಬಂದು ಇನ್ನೊಮ್ಮೆ ನೋಡುತ್ತಾಳೆ.

ಒಮ್ಮೆ ಒಬ್ಬಾಕೆ ಇಷ್ಟಕ್ಕೇ ಬಿಡಲಿಲ್ಲ. ಕಥೆ ಏನು ಹೇಳಿ ಅಂದರು. ನನ್ನ ಮರಾಠಿಯಲ್ಲಿ ಹೇಳಿದೆ, ತಡವರಿಸಿದಲ್ಲಿ ಹಿಂದಿ ಸೇರಿಸಿದೆ. ಎದುರು ಸೀಟಿನ ಇಬ್ಬರು ಇಯರ್‌ಫೋನ್ ತೆಗೆದರು. ಕುರ್ಲಾ ದಾಟಿತು, ಮನೆ ಬಿಟ್ಟು ಹೋದ ಮಗ ವಾಪಸ್ ಬರುವ ಜಾಗಕ್ಕೂ ನಾವು ಬಂದೆವು, ಅಷ್ಟರಲ್ಲಿ ದಾದರ್! ಆಕೆ ಇಳಿಯಬೇಕು, ಹತ್ತುವವರು ಒಳಗೆ ನುಗ್ಗುತ್ತಿದ್ದಾರೆ, ಆ ನೂಕಾಟದ ನಡುವೆ ಕತ್ತು ಹಿಂದೆ ತಿರುಗಿಸಿ "ಕೊನೆ ನಾಳೆ ಹೇಳಿ" ಅಂತ ಮರಾಠಿಯಲ್ಲಿ ಕೂಗಿಯೇ ಇಳಿದರು. ಆಮೇಲೆ ಸಿಗಲೇ ಇಲ್ಲ. ಬೇರೆ ಗಾಡಿ ಹಿಡಿದಿರಬೇಕು.

ಮುಂಬೈಯಲ್ಲಿ ಕೂತು ಮುಂಬೈಯ ಬಗ್ಗೆಯೇ ಕನ್ನಡದಲ್ಲಿ ಓದುವುದಿದೆಯಲ್ಲ, ಆ ಖುಷಿ ಬೇರೆ. ಯಶವಂತ ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯವರು, ಇದ್ದದ್ದು ಬಾಂದ್ರಾದಲ್ಲಿ. ವ್ಯಾಸರಾಯ ಬಲ್ಲಾಳರು, ಜಯಂತ ಕಾಯ್ಕಿಣಿ, ಮಿತ್ರಾ ವೆಂಕಟ್ರಾಜ್, ಇವರೆಲ್ಲ ಈ ಊರಿನ ಚಾಳು, ಆಫೀಸು, ಲೋಕಲ್ಲುಗಳ ನಡುವೆ ಓಡಾಡಿದವರೇ. ಓದುತ್ತಾ ತಲೆ ಎತ್ತಿದರೆ ಪುಸ್ತಕದಲ್ಲಿದ್ದ ಸ್ಟೇಷನ್ನೇ ಕಿಟಕಿ ಹೊರಗೆ ನಿಂತಿರುತ್ತದೆ. ಬೆಂಗಳೂರಿನವರಿಗೆ ಇದು ದೊಡ್ಡ ವಿಷಯ ಅನಿಸಲಿಕ್ಕಿಲ್ಲ. ನಮ್ಮ ಮಟ್ಟಿಗೆ, ನಾವು ದಿನಾ ನೂಕಾಡುವ ಜಾಗಕ್ಕೂ ಕನ್ನಡದಲ್ಲಿ ಒಂದು ವಿಳಾಸ ಇದೆ ಅಂತ ಗೊತ್ತಾಗುವುದು ದೊಡ್ಡದೇ.

ಇಲ್ಲಿ ಕನ್ನಡ ಪುಸ್ತಕ ಸಿಗುವುದು ಮಾತ್ರ ಸಲೀಸಲ್ಲ. ಈಗ ಫೋನಿನಲ್ಲಿ ಒತ್ತಿದರೆ ಬಾಗಿಲಿಗೇ ಬರುತ್ತದೆ, ಒಪ್ಪುತ್ತೇನೆ, ಫೋನಿನಲ್ಲೇ ಓದಲೂಬಹುದು. ಠಾಣೆಯಲ್ಲಿ ಗಾಡಿ ತುಂಬಿದ ಮೇಲೆ ಒಂದು ಕೈ ಮೇಲಿನ ಹಿಡಿಕೆಗೆ ಹೋದಾಗ ಅದೇ ಅನುಕೂಲ. ಆದರೂ ಮಾಟುಂಗದಲ್ಲಿ ಪುಸ್ತಕ ಕೊಳ್ಳುವ ರುಚಿ ಅದಕ್ಕಿಲ್ಲ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಶನ್ ಅಲ್ಲಿದೆ, ಮಾಹಿಮ್ ಕಡೆ ಕರ್ನಾಟಕ ಸಂಘ ಇದೆ. ಭಾನುವಾರ ಸಂಜೆ ಪುಸ್ತಕ ಬಿಡುಗಡೆ ಅಂದರೆ ಬಾಗಿಲ ಹತ್ತಿರ ಒಂದು ಮೇಜು, ಅದರ ಮೇಲೆ ಪುಸ್ತಕ, ಇನ್ನೊಂದು ಮೇಜಿನ ಮೇಲೆ ಉಪ್ಪಿಟ್ಟು, ಕಾಫಿ. ಭಾಷಣ ಸ್ವಲ್ಪ ಜಾಸ್ತಿ ಆಗುತ್ತದೆ, ನಿಜ. ಆ ಹೊತ್ತಲ್ಲಿ ಹೊಸ ಪುಸ್ತಕದ ಮೊದಲ ಅಧ್ಯಾಯ ಮುಗಿಸಬಹುದು, ಹಿಂದಿನ ಸಾಲಲ್ಲಿ ಕೂರಬೇಕು ಅಷ್ಟೇ.

ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುವವರಿದ್ದಾರೆ. ಎಂಜಿನಿಯರಿಂಗ್ ಗೈಡುಗಳ ರಾಶಿಯಡಿ ಅಪರೂಪಕ್ಕೆ ಒಂದು ಕನ್ನಡ ಕಾದಂಬರಿ ಸಿಕ್ಕಿಬಿಡುತ್ತದೆ. ನನಗೆ ಸಿಕ್ಕಿದ್ದರಲ್ಲಿ ಒಂದರ ಅಂಚಿನ ತುಂಬಾ ಪೆನ್ಸಿಲ್ಲಿನಲ್ಲಿ ಹಾಲಿನ ಲೆಕ್ಕ. ಸೋಮವಾರ ಒಂದು, ಮಂಗಳವಾರ ಇಲ್ಲ, ಬುಧವಾರ ಒಂದೂವರೆ. ನಾಯಕಿ ಬಾವಿಕಟ್ಟೆ ಹತ್ತುವ ಪುಟದಲ್ಲಿ ಲೆಕ್ಕ ನಿಂತಿದೆ, ಮುಂದಿನ ಹತ್ತು ಪುಟ ಏನೂ ಬರೆದಿಲ್ಲ. ಆ ಹೆಂಗಸು (ಹೆಂಗಸೇ ಇರಬೇಕು, ಹಾಲಿನ ಲೆಕ್ಕ ಗಂಡಸರು ಎಲ್ಲಿ ಬರೀತಾರೆ) ಒಲೆ ಮೇಲಿದ್ದುದನ್ನೂ ಮರೆತು ಓದಿರಬೇಕು ಅನಿಸಿ, ಕಾದಂಬರಿಗಿಂತ ಅವಳ ಮೇಲೆಯೇ ನನಗೆ ಪ್ರೀತಿ ಬಂತು.

ಹೀಗೆ ಲೆಕ್ಕ ಹಾಕುತ್ತಾ ಹೋದರೆ ನನ್ನ ಈ ಸುಖದ ಹಿಂದೆ ಎಷ್ಟೊಂದು ಜನ ಮೈಮುರಿದು ದುಡಿದಿದ್ದಾರೆ! ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ನಡೆದು ಮಾರುತ್ತಿದ್ದರು. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು ಅವರು. ಪುಣೆಯ ಕಥೆಗಳು ನಮ್ಮ ಹಳ್ಳಿಗಳಿಗೆ ಅವರ ಕೈಯಿಂದ, ಅವರ ಕಾಲಿನಿಂದ ಮುಟ್ಟಿದವು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿ, ಚಂದಾ ಕಟ್ಟಿದವರ ಮನೆಗೆ ಪುಸ್ತಕ ಕಳಿಸಿದರು. ನಮ್ಮ ಬಿಲ್ಡಿಂಗಿನಲ್ಲಿ ಧಾರವಾಡ ಕಡೆಯ ಒಬ್ಬರು ಅಜ್ಜಿ ಇದ್ದರು, ಅವರ ಕಬ್ಬಿಣದ ಟ್ರಂಕಿನಿಂದಲೇ ನನ್ನ ಓದು ಶುರುವಾದದ್ದು. "ಕೈ ತೊಳಕೊಂಡು ಬಾ" ಅನ್ನುತ್ತಿದ್ದರು. ತೊಳೆದ ಕೈಯನ್ನು ಮೂಸಿಯೂ ನೋಡುತ್ತಿದ್ದರು.

ಕಾಲಾ ಘೋಡಾದ ಡೇವಿಡ್ ಸಸೂನ್ ಲೈಬ್ರರಿಯದೂ ಇಂಥದ್ದೇ ಕಥೆ. ಹೆಸರು ಸಾಹುಕಾರರದ್ದು, ಈಗಿನ ಕಟ್ಟಡ 1870ರದ್ದು. ಆದರೆ ಅದರ ಬೇರು 1847ರಲ್ಲಿ ಟಂಕಸಾಲೆ ಮತ್ತು ಸರ್ಕಾರಿ ಹಡಗುಕಟ್ಟೆಯ ಕೆಲಸಗಾರರು ಸೇರಿ ಕಟ್ಟಿಕೊಂಡ ಕೂಟದಲ್ಲಿದೆ. ದಿನವಿಡೀ ಸುತ್ತಿಗೆ ಹಿಡಿದವರಿಗೆ ಸಂಜೆ ಪುಸ್ತಕ ಬೇಕು ಅನಿಸಿತಲ್ಲ, ಅದು ನನಗೆ ಇಷ್ಟ. ಈಗ ಅಲ್ಲಿಯ ಉದ್ದ ಕುರ್ಚಿಗಳಲ್ಲಿ ಓದುವವರಷ್ಟೇ ನಿದ್ದೆ ಮಾಡುವವರೂ ಸಿಗುತ್ತಾರೆ. ಮಾಡಲಿ ಬಿಡಿ, ಪುಸ್ತಕ ಎದೆ ಮೇಲಿಟ್ಟುಕೊಂಡು ಬರುವ ನಿದ್ದೆಯೂ ಓದಿನ ಲೆಕ್ಕಕ್ಕೇ ಸೇರುತ್ತದೆ.

ಮನೆಯವರ ಉಪಕಾರವನ್ನೂ ಹೇಳಬೇಕು. ನಮ್ಮವರು ಪುಸ್ತಕ ಓದುವವರಲ್ಲ. ಆದರೆ ದಿವಾನ್ ಎತ್ತಿ ಹಿಡಿಯುವವರು ಅವರೇ, ಯಾಕಂದ್ರೆ ನನ್ನ ಅರ್ಧ ಲೈಬ್ರರಿ ಅದರ ಹೊಟ್ಟೆಯಲ್ಲಿದೆ, ಹಾಸಿಗೆ ಚಾದರಗಳ ಕೆಳಗೆ. ಜುಲೈಯಲ್ಲಿ ರಟ್ಟಿನ ಮೇಲೆ ಬೂದಿ ಬಣ್ಣದ ಬೂಷ್ಟು ಹಿಡಿಯುತ್ತದೆ. ಬಿಸಿಲು ಕಂಡ ದಿನ ಗೊಣಗುತ್ತಲೇ ಎಲ್ಲವನ್ನೂ ಹೊರಗೆ ತೆಗೆದು ಗ್ಯಾಲರಿಯಲ್ಲಿ ಹರಡುತ್ತಾರೆ, ಒಂದೊಂದನ್ನೂ ಒಣಬಟ್ಟೆಯಲ್ಲಿ ಒರೆಸುತ್ತಾರೆ. "ಇದನ್ನೆಲ್ಲ ಓದಿದ್ದೀಯಾ?" ಅಂತ ಪ್ರತಿ ವರ್ಷ ಕೇಳುತ್ತಾರೆ. ಓದಿದ್ದೇನೆ, ಬಹಳಷ್ಟು ಮರೆತೂ ಹೋಗಿದೆ. ಮರೆತಿದ್ದಕ್ಕೇ ಮತ್ತೆ ಓದಬಹುದು, ಅಲ್ವಾ?

ಎಲ್ಲರಿಗಿಂತ ಹೆಚ್ಚಿನ ಋಣ ಅಪ್ಪನದು. ಕುಂದಾಪುರದಿಂದ ಹುಡುಗನಾಗಿ ಬಂದು ಫೋರ್ಟಿನ ಒಂದು ಹೋಟೆಲಿನಲ್ಲಿ ಕೆಲಸಕ್ಕೆ ನಿಂತವರು. ಹಗಲು ಟೇಬಲ್ ಒರೆಸುವುದು, ರಾತ್ರಿ ಕನ್ನಡ ನೈಟ್ ಸ್ಕೂಲು. ಆ ಕಾಲದ ಎಷ್ಟೋ ಹೋಟೆಲ್ ಹುಡುಗರು ಹಾಗೇ ಓದಿದವರು. 'ಸುಧಾ' ಶುರುವಾಗಿದ್ದು 1965ರಲ್ಲಿ, ಅದಾದ ಒಂದೆರಡು ವರ್ಷದ ಮೇಲಿನ ಮಾತು. ಊರಿಂದ ಬರುವವರು ಹಳೇ ವಾರಪತ್ರಿಕೆಗಳನ್ನು ಚೀಲದಲ್ಲಿ ತರುತ್ತಿದ್ದರು. ಒಂದೇ ಪ್ರತಿ, ಹುಡುಗರು ಮಲಗುವ ಅಟ್ಟದಲ್ಲಿ ಹತ್ತು ಕೈ ದಾಟಿ, ಸಾಂಬಾರಿನ ಕಲೆ ಹೊತ್ತುಕೊಂಡು ತಿರುಗುತ್ತಿತ್ತು. ಓದಲು ಬಾರದವರಿಗೆ ಅಪ್ಪ ಧಾರಾವಾಹಿ ಓದಿ ಹೇಳುತ್ತಿದ್ದರು. ಒಂದು ಸಲ ನಡುವಿನ ವಾರದ ಸಂಚಿಕೆ ಬರಲೇ ಇಲ್ಲ. ಕಥೆ ಒಳ್ಳೇ ಘಟ್ಟಕ್ಕೆ ಬಂದಿತ್ತು. "ಮುಂದೆ ಎಂತ ಆಯ್ತ್ ಮಾರಾಯಾ, ಹೆಣ್ಣ್ ಸತ್ಳಾ ಬದ್ಕಿದ್ಳಾ?" ಅಂತ ಎಲ್ಲರೂ ಜೀವ ತಿನ್ನತೊಡಗಿದರು. ಅಪ್ಪ ಬೇರೊಂದು ವಾರದ ಸಂಚಿಕೆ ಎದುರಿಗಿಟ್ಟುಕೊಂಡು, ಓದುತ್ತಿರುವ ಹಾಗೆಯೇ ಕಣ್ಣಾಡಿಸುತ್ತಾ, ಒಂದು ಇಡೀ ಕಂತನ್ನು ಬಾಯಲ್ಲೇ ಕಟ್ಟಿ ಹೇಳಿದರಂತೆ. ಯಾರಿಗೂ ಅನುಮಾನ ಬರಲಿಲ್ಲ. ಅಡುಗೆ ಭಟ್ಟರು ಕಣ್ಣೊರೆಸಿಕೊಂಡರಂತೆ.

ಎಷ್ಟೋ ವರ್ಷದ ಮೇಲೆ ಆ ಕಾದಂಬರಿ ಪುಸ್ತಕವಾಗಿ ನಮ್ಮನೆಗೆ ಬಂತು. ಅಪ್ಪ ಆ ಅಧ್ಯಾಯವನ್ನು ಹುಡುಕಿ, ಕನ್ನಡಕ ಏರಿಸಿ, ನಿಧಾನವಾಗಿ ಓದಿ ಮುಗಿಸಿ, "ಛೆ, ನಾನ್ ಹೇಳದ್ದೇ ಲಾಯ್ಕ್ ಇತ್ತ್" ಅಂದರು. ಆಮೇಲೆ ನಾನೂ ಓದಿದೆ. ಅಪ್ಪ ಹೇಳಿದ್ದೇ ಲಾಯ್ಕಿತ್ತು.