ಧೂಳಿನ ಎತ್ತಂಗಡಿ

ಅಧಿಕಾರಿ ತಪ್ಪು ಮಾಡಿ ಸಿಕ್ಕಿಬಿದ್ದರೆ ಏನಾಗುತ್ತದೆ? ಎತ್ತಂಗಡಿ ಆಗುತ್ತದೆ. ತಪ್ಪು ಹಾಗೇ ಉಳಿಯುತ್ತದೆ, ವಿಳಾಸ ಮಾತ್ರ ಬದಲು. ನಮ್ಮ ಎದುರು ಮನೆಯವರು ದಿನಾ ಬೆಳಿಗ್ಗೆ ಆರೂವರೆಗೆ ಧೂಳಿಗೆ ಮಾಡುವುದೂ ಇದನ್ನೇ. ಗಾಳಿ ಊದಿ ಕಸ ಹಾರಿಸುವ ಬ್ಲೋವರ್ ಯಂತ್ರ ಹಿಡಿದು ನಿಂತರೆಂದರೆ ಅವರ ಅಂಗಳದ ಎಲೆ, ಮಣ್ಣು, ಕಾಗದದ ಚೂರು ಎಲ್ಲವೂ ಒಂದೇ ಆದೇಶಕ್ಕೆ ನಮ್ಮ ಗೇಟಿನ ಮುಂದೆ ಬಂದು ಡ್ಯೂಟಿಗೆ ಹಾಜರಾಗುತ್ತವೆ. ಅವರ ಭಾಷೆಯಲ್ಲಿ ಇದಕ್ಕೆ ಕ್ಲೀನಿಂಗ್ ಅಂತ ಹೆಸರು.

ಗಾಳಿ ಬಂದಾಗ ತೂರಿಕೋ ಅಂದರು ಹಿರಿಯರು. ಪಾಪ, ಅವರು ಮೊರ ಹಿಡಿದು ಗಾಳಿಗಾಗಿ ಕಾಯಬೇಕಿತ್ತು. ಈಗ ಟ್ರಿಗರ್ ಒತ್ತಿದರೆ ಬರುತ್ತದೆ, ಅದೂ ಮೂತಿಯ ಹತ್ತಿರ ಗಂಟೆಗೆ 200 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ. ಅಷ್ಟು ಜೋರಿನ ಗಾಳಿ ಸಮುದ್ರದ ಕಡೆಯಿಂದ ಬಂದರೆ ಅದಕ್ಕೊಂದು ಹೆಸರಿಡುತ್ತಾರೆ, ದೋಣಿಗಳನ್ನು ವಾಪಸ್ ಕರೆಸುತ್ತಾರೆ, ಜನರನ್ನು ಸಾಗಿಸುತ್ತಾರೆ. ಎದುರು ಮನೆಯಿಂದ ಬಂದರೆ ನಾವೇ ಕಿಟಕಿ ಹಾಕಿಕೊಳ್ಳಬೇಕು, ಅಷ್ಟೆ.

ಯಂತ್ರದ ಜೊತೆ ಒಂದು ಪುಸ್ತಕ ಬಂದಿತ್ತು. ಅದನ್ನು ಪೂರ್ತಿ ಓದಿದವನು ನಾನು. ಯಾಕೆಂದರೆ ಒಂದು ದಿನ ಅದೂ ಹಾರಿ ನಮ್ಮ ಕಡೆಗೇ ಬಂತು.

ಸುತ್ತ 15 ಮೀಟರ್ ಒಳಗೆ ಯಾರೂ ಇರಬಾರದು ಅಂತ ಅದರಲ್ಲೊಂದು ಚಿತ್ರ. ನಮ್ಮೆರಡು ಅಂಗಳಗಳ ನಡುವೆ ಇರುವುದು ಆರು ಮೀಟರ್. ಅಂದರೆ ಅವರ ಅಂಗಳ ಕ್ಲೀನಾಗುವ ಹೊತ್ತಿಗೆ ನಾನು ನನ್ನದೇ ಗೇಟಿನ ಹತ್ತಿರ ಸುಳಿಯುವ ಹಾಗಿಲ್ಲ. ಇನ್ನೊಂದು ಪುಟದಲ್ಲಿ ಬ್ಲೋವರ್ ಹಿಡಿದ ಮನುಷ್ಯ. ಕಣ್ಣಿಗೆ ಪಕ್ಕವೂ ಮುಚ್ಚುವ ಕನ್ನಡಕ, ಕಿವಿಗೆ ಮುಚ್ಚಳ, ಮೂಗಿಗೆ ಮಾಸ್ಕು, ಕೈಗೆ ಗ್ಲೌಸು, ಉದ್ದ ಪ್ಯಾಂಟು, ಗಟ್ಟಿ ಶೂ. ಚಂದ್ರನ ಮೇಲೆ ಇಳಿಯಲು ಹೊರಟವನ ಹಾಗಿದ್ದಾನೆ. ನಮ್ಮವರು ಬನಿಯನ್ನು, ಚಡ್ಡಿ, ಹವಾಯಿ ಚಪ್ಪಲಿ. ಕನ್ನಡಕ ಕೊಂಡಿದ್ದಾರೆ, ಇಲ್ಲ ಅನ್ನಬಾರದು. ಪ್ಲಾಸ್ಟಿಕ್ ಕವರಿನ ಸಮೇತ ಕಿಟಕಿಯ ಕಟ್ಟೆ ಮೇಲಿದೆ. ಹಾಕಿಕೊಂಡರೆ ಗೀರು ಬೀಳುತ್ತದಂತೆ.

ಕಣ್ಣಿಗೆ ಮಣ್ಣೆರಚುವುದು ಅಂದರೆ ಮೋಸ ಮಾಡುವುದು ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಇಲ್ಲಿ ಮೋಸವೇ ಇಲ್ಲ, ಎಲ್ಲ ನೇರವಾಗಿಯೇ. ಗೋಡೆಯ ಮೂಲೆಗೆ ಹಿಡಿದಾಗ ಸಣ್ಣ ಹರಳು ಬಡಿದು ಅವರ ಮುಖಕ್ಕೇ ವಾಪಸ್ ಬರುತ್ತದೆ. ಆಗ ಒಂದು ಕಣ್ಣು ಮುಚ್ಚಿಕೊಳ್ಳುತ್ತಾರೆ. ಮೂಗಿಗೆ ಕರ್ಚೀಫ್ ಕಟ್ಟಿರುತ್ತಾರೆ. ಎಲೆ ಒಳಗೆ ಹೋಗದ ಹಾಗೆ ಅದು ಚೆನ್ನಾಗಿ ತಡೆಯುತ್ತದೆ. ಶ್ವಾಸಕೋಶದ ತಳಕ್ಕೆ ಇಳಿಯುವ ಧೂಳು ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣದು. ಅದಕ್ಕೆ ಬಟ್ಟೆಯ ಸಂದು ಅಂದರೆ ಹೆಬ್ಬಾಗಿಲು.

ಕಿವಿಯ ವಿಷಯ ಇನ್ನೂ ಚೆಂದ. 85 ಡೆಸಿಬಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆಗಿಂತ ಜಾಸ್ತಿ ಇರಬಾರದು ಅನ್ನುವುದು ತಜ್ಞರ ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದ ಹಾಗೆ ಸಮಯ ಅರ್ಧ. 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದೇ ನಿಮಿಷ. ಪೆಟ್ರೋಲ್ ಬ್ಲೋವರ್ ಹಿಡಿದವರ ಕಿವಿಯ ಹತ್ತಿರ 100 ಮುಟ್ಟುವುದೇನೂ ಅಪರೂಪವಲ್ಲ. ಇದಕ್ಕೆ ನಮ್ಮವರು ಕಂಡುಕೊಂಡ ಉಪಾಯ ನೋಡಿ: ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಬ್ಲೋವರ್ ಶಬ್ದ ಕೇಳದಷ್ಟು ಜೋರಾಗಿ ಹಾಡು ಹಾಕುವುದು! ನಾನು ಗೇಟಿನಿಂದ “ಸ್ವಲ್ಪ ಆ ಕಡೆ ತಿರುಗಿಸಿ ಸಾರ್” ಅಂತ ಕಿರುಚಿದರೆ ಕೈಯೆತ್ತಿ “ಗುಡ್ ಮಾರ್ನಿಂಗ್” ಅನ್ನುತ್ತಾರೆ.

ಪೆಟ್ರೋಲ್ ಮುಗಿದರೆ ಎಂಜಿನ್ ಆರಿಸಿ, ತಣ್ಣಗಾದ ಮೇಲೆ ತುಂಬಿಸಿ, ತುಂಬಿದ ಜಾಗದಿಂದ 3 ಮೀಟರ್ ದೂರ ಹೋಗಿ ಸ್ಟಾರ್ಟ್ ಮಾಡಿ ಅನ್ನುತ್ತದೆ ಪುಸ್ತಕ. ತಣ್ಣಗಾಗುವ ತನಕ ಕಾಯಲು ಇವರಿಗೇನು ಬೇರೆ ಕೆಲಸ ಇಲ್ವಾ? ಕೆಲಸ ಮುಗಿದ ಮೇಲೆ ಮೂತಿಯನ್ನು ತಮ್ಮ ಮೈಗೇ ತಿರುಗಿಸಿ ಬಟ್ಟೆಯ ಧೂಳು ಹಾರಿಸಿಕೊಳ್ಳುತ್ತಾರೆ. ಆಮೇಲೆ ಮೊಮ್ಮಗನ ತಲೆಗೆ. ಮಗು ಕಿಲಕಿಲ ನಗುತ್ತದೆ. ಮೂತಿಯೊಳಗೆ ಒಂದು ಹರಳು ಸಿಕ್ಕಿಕೊಂಡಿದ್ದರೆ ಅಂತ ಈ ಕಡೆ ನನ್ನ ಜೀವ ಬಾಯಿಗೆ ಬಂದಿರುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾರ್ಮೆಲ್ ಅನ್ನುವ ಪುಟ್ಟ ಊರು 1975ರಲ್ಲೇ ಇದರ ಸಹವಾಸ ಬೇಡ ಅಂತ ನಿಷೇಧ ಹಾಕಿತು. 2024ರಿಂದ ಆ ರಾಜ್ಯದಲ್ಲಿ ಮಾರಲು ತಯಾರಾಗುವ ಹೊಸ ಬ್ಲೋವರ್ ಹೊಗೆ ಉಗುಳುವ ಹಾಗಿಲ್ಲ. ಒಳ್ಳೆಯದೇ. ಆದರೆ ಎತ್ತಂಗಡಿಗೆ ಹೊಗೆಯೇ ಬೇಕು ಅಂತೇನಿಲ್ಲ, ಬ್ಯಾಟರಿ ಸಾಕು.

ನಾನೂ ಏನು ಸಾಚಾ ಅಲ್ಲ. ಅವರ ಹತ್ತಿರ ಕರೆಂಟಿನ ಚಿಕ್ಕ ಬ್ಲೋವರೂ ಇದೆ. ಅದನ್ನು ಕೇಳಿ ತಂದು, ರೂಮಿನ ಬಾಗಿಲು ಹಾಕಿಕೊಂಡು, ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಹಿಡಿದೆ. ಒಳಗಿನ ಫ್ಯಾನು ಗಿರ್ರನೆ ತಿರುಗಿದ್ದು ನೋಡಿ ಖುಷಿಯಾಯಿತು. ಅದನ್ನು ತಿರುಗದ ಹಾಗೆ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಬೇರಿಂಗ್ ಕೆಡಬಹುದು ಅಂತ ತಿಳಿದದ್ದು ಮರುದಿನ, ಅದು ಕರಕರ ಅನ್ನತೊಡಗಿದ ಮೇಲೆ. ಧೂಳು? ಪುಸ್ತಕದ ಕಪಾಟು, ಪರದೆ, ನನ್ನ ಹಲ್ಲಿನ ಸಂದು, ಎಲ್ಲ ಕಡೆ ಹೊಸ ಪೋಸ್ಟಿಂಗ್. ವಾರದೊಳಗೆ ಅರ್ಧ ಧೂಳು ಕಂಪ್ಯೂಟರಿಗೇ ಮರಳಿ ಬಂತು. ಪ್ರಭಾವ ಇದ್ದವರು ಹಳೇ ಜಾಗಕ್ಕೆ ಬರುವುದು ಹೊಸದೇನಲ್ಲ.

ಕೊನೆಗೆ ಪುಸ್ತಕ ವಾಪಸ್ ಕೊಡುವ ನೆಪದಲ್ಲಿ ಎದುರು ಮನೆಗೇ ಹೋದೆ. “ಮೊದಲು ಸ್ವಲ್ಪ ನೀರು ಚಿಮುಕಿಸಬೇಕಂತೆ ಸಾರ್. ಗಾಳಿಗೆ ಬೆನ್ನು ಹಾಕಿ ನಿಲ್ಲಬೇಕಂತೆ. ಮೂತಿ ನೆಲದ ಹತ್ತಿರ, ಸ್ಪೀಡ್ ಕಮ್ಮಿ. ಎಲ್ಲವನ್ನೂ ಒಂದು ಕಡೆ ಗುಡ್ಡೆ ಮಾಡಿ, ಆಮೇಲೆ ಎತ್ತಿ ಬುಟ್ಟಿಗೆ ಹಾಕಬೇಕಂತೆ” ಅಂದೆ. ಬುಟ್ಟಿಯ ತನಕ ತಲೆಯಾಡಿಸುತ್ತಿದ್ದವರು ಅಲ್ಲಿ ನಿಂತರು. “ಎತ್ತೋದು ಯಾರು?” ಅಂದರು. “ಬಗ್ಗಿ ಎತ್ತೋ ಹಾಗಿದ್ರೆ ಪೊರಕೆ ಸಾಕಿತ್ತಲ್ಲ ಸಾರ್.”

ಆದರೂ ನನ್ನ ಮಾತಿಗೆ ಬೆಲೆ ಕೊಟ್ಟರು ಅನ್ನಿಸುತ್ತದೆ. ಮರುದಿನ ಬೆಳಿಗ್ಗೆ ಕಿಟಕಿಯ ಕಟ್ಟೆಯಿಂದ ಆ ಕನ್ನಡಕವನ್ನು ಕೆಳಗಿಳಿಸಿದರು. ಕವರಿನ ಮೇಲೆ ಬೆರಳು ದಪ್ಪ ಧೂಳು ಕೂತಿತ್ತು. ಕಟ್ಟೆಯ ಮೇಲೇ ಅದನ್ನು ನೆಟ್ಟಗೆ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿಕೊಂಡು, ಬ್ಲೋವರ್ ಹಿಡಿದರು. ಕನ್ನಡಕ ಈಗ ನಮ್ಮ ಅಂಗಳದಲ್ಲಿದೆ.